ಬೆಳೆಯಬೇಡ ಎನ್ನುವ ಕಾವಲು

ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ ನಿಂತು ದಕ್ಷಿಣಾಮೂರ್ತಿಗಳು ಹಿಂದೆ ಮುಂದೆ ನೋಡಿದರು. ಗುರುತಿನವರು ಯಾರೂ ಇರಲಿಲ್ಲ. ಸ್ವೆಟರಿನೊಳಗಿನ ಜೇಬಿನಿಂದ ಗಂಧದ ಪುಡಿಯ ಪೊಟ್ಟಣ ತೆಗೆದು, ಅಂಗೈಗೆ ಒಂದು ಹನಿ ನೀರು ಬಿಟ್ಟುಕೊಂಡು ಕಲಸಿ, ಹಣೆಗೆ ಬೊಟ್ಟಿಟ್ಟುಕೊಂಡರು. ಬೊಟ್ಟು ಸೊಟ್ಟಗಾಯಿತು. ಒರೆಸಿ ಮತ್ತೆ ಇಟ್ಟರು.

ಸೂತಕದಲ್ಲಿರುವವನು ಹಣೆಗೆ ಗಂಧ ಹಚ್ಚಬಾರದು. ಅದು ಅವರಿಗೆ ಗೊತ್ತಿಲ್ಲದ ಮಾತಲ್ಲ. ಹೆಂಡತಿ ವಿಜಯಮ್ಮ ತೀರಿಕೊಂಡು ಇನ್ನೂ ಹತ್ತು ದಿನ ತುಂಬಿರಲಿಲ್ಲ. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಕರ್ಮಕ್ಕೆ ತಾವೇ ಕೂತಿದ್ದರು. ಬೆಳಿಗ್ಗೆ ಯಮುನೆಯ ದಂಡೆಯಲ್ಲಿ ಪಿಂಡ ಹಾಕಿ, ಒದ್ದೆ ಪಂಚೆ ಬದಲಿಸಿ, ಪ್ಯಾಂಟು ಸ್ವೆಟರು ಏರಿಸಿಕೊಂಡು ಇಲ್ಲಿಗೆ ಬಂದಿದ್ದರು. ಬೋಳಿಸಿದ ತಲೆಯನ್ನು ಮಂಕಿ ಕ್ಯಾಪು ಮುಚ್ಚಿತ್ತು. ದೆಹಲಿಯ ಜನವರಿಯಲ್ಲಿ ಮಂಕಿ ಕ್ಯಾಪು ಹಾಕಿದ ಮುದುಕನನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಆದರೆ ಬರಿಹಣೆಯನ್ನು ಮಗಳು ನೋಡುತ್ತಾಳೆ. ಅಜ್ಜಿ ಸತ್ತ ದಿನಗಳನ್ನು ಬಿಟ್ಟರೆ ಅಪ್ಪನ ಹಣೆಯಲ್ಲಿ ಗಂಧವಿಲ್ಲದ ಹಗಲನ್ನು ಅವಳು ಕಂಡವಳಲ್ಲ.

ಮಗಳು ಹರಿಣಿಗೆ ತಾಯಿ ಸತ್ತದ್ದು ಗೊತ್ತಿರಲಿಲ್ಲ.

ಇಬ್ಬರೂ ಒಂದೇ ಆಟೋದಲ್ಲಿದ್ದರು. ಮಂಜು ಮುಸುಕಿದ ಬೆಳಿಗ್ಗೆ ಹಿಂದಿನಿಂದ ಬಂದ ಬಸ್ಸು ಆಟೋವನ್ನು ಉರುಳಿಸಿತು. ವಿಜಯಮ್ಮ ಆ ದಿನ ಸಂಜೆ ಇದೇ ಆಸ್ಪತ್ರೆಯಲ್ಲಿ ತೀರಿಹೋದರು. ಹರಿಣಿ ಉಳಿದಳು. ಬೆನ್ನುಮೂಳೆ ಮುರಿದು, ಎದೆಯಿಂದ ಕೆಳಗೆ ಏನೂ ತಿಳಿಯದೆ ಉಳಿದಳು. ಎಂ.ಫಿಲ್. ಓದುತ್ತಿದ್ದ ಹುಡುಗಿ, ಮೆಟ್ಟಿಲು ಹತ್ತುವಾಗ ಒಂದನ್ನು ಬಿಟ್ಟು ಒಂದನ್ನು ಹತ್ತುತ್ತಿದ್ದವಳು. ಶಸ್ತ್ರಚಿಕಿತ್ಸೆ ಮುಗಿದು ಅರಿವಳಿಕೆಯ ಮತ್ತು ಇಳಿದು ಕಣ್ಣುಬಿಟ್ಟಾಗ ಅವಳು ಕೇಳಿದ ಮೊದಲ ಮಾತು, "ಅಮ್ಮ?" ಎಂದು. ಪಕ್ಕದಲ್ಲಿದ್ದ ಸೋದರಮಾವ ಜಗನ್ನಾಥ ತಡಮಾಡದೆ, "ಅವಳಿಗೆ ಪಕ್ಕೆಲುಬು ಮುರಿದಿದೆ, ಬೇರೆ ಆಸ್ಪತ್ರೇಲಿ ಇಟ್ಟಿದಾರೆ, ಗಂಟಲಿಗೆ ನಳಿಗೆ ಹಾಕಿದಾರೆ, ಮಾತಾಡೋ ಹಾಗಿಲ್ಲ, ಅಷ್ಟೆ" ಎಂದುಬಿಟ್ಟ. ತುಮಕೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿರುವ ಜಗನ್ನಾಥನಿಗೆ ನಾಲಿಗೆ ಚುರುಕು. ದಕ್ಷಿಣಾಮೂರ್ತಿಗಳು ಆ ಸುಳ್ಳನ್ನು ಹೇಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಅಂದಿನಿಂದ ಅದು ಅವರ ಸುಳ್ಳೂ ಆಯಿತು.

ಅವರು ವಾರ್ಡಿನೊಳಗೆ ಹೋದರು.

"ಅರೇ ಅಪ್ಪಾ, ಮತ್ತೆ ಬಂದರ್ ಟೋಪಿ!" ಹರಿಣಿ ನಗಲು ನೋಡಿದಳು. "ಇಲ್ಲಿ ಹೀಟರ್ ಉರೀತಿದೆ, ಇಡೀ ವಾರ್ಡ್ ಬೆವರ್ತಿದೆ. ತೆಗೀರಿ ಅದನ್ನ."

"ಶೀತ ಆಗಿದೆ ಪುಟ್ಟಿ. ಕಿವಿಗೆ ಗಾಳಿ ಹೋಗಬಾರದು."

"ಕೇಳಿದ್ರಾ ಅಮ್ಮನ್ನ?"

"ಏನನ್ನ?" ಎಂದರು, ಗೊತ್ತಿದ್ದೂ.

"ಕ್ಯಾ ಅಪ್ಪಾ! ಡಾಕ್ಟರ್ ಹೇಳಿದ್ರಲ್ಲ, ಆ ಇಂಜೆಕ್ಷನ್ದು. ಅಮ್ಮ ಏನಂತಾಳೆ ಕೇಳಿಕೊಂಡು ಬನ್ನಿ ಅಂದೆ ತಾನೆ? ಮಾತಾಡೋಕೆ ಆಗ್ದಿದ್ರೆ ತಲೆನಾದ್ರೂ ಆಡಿಸ್ತಾಳೆ. ಅವಳು ಹ್ಞೂಂ ಅಂದ್ರೆ ನಾನು ಸೈನ್ ಮಾಡ್ತೀನಿ. ಇಲ್ಲಾಂದ್ರೆ ಇಲ್ಲ. ನನಗೆ ಭಯ ಆಗ್ತಿದೆ, ನಾನೊಬ್ಬಳೇ ಯೋಚನೆ ಮಾಡಲಾರೆ."

ಆ ಮನೆಯಲ್ಲಿ ಯಾವ ಬಟ್ಟೆ, ಯಾವ ಕಾಲೇಜು, ಯಾವ ಪ್ರಯಾಣವೂ ವಿಜಯಮ್ಮನ "ಹ್ಞೂಂ" ಇಲ್ಲದೆ ಮುಂದೆ ಹೋದದ್ದಿಲ್ಲ. ದಕ್ಷಿಣಾಮೂರ್ತಿಗಳು ಸಚಿವಾಲಯದಲ್ಲಿ ಎಷ್ಟೋ ಕಡತಗಳಿಗೆ ಟಿಪ್ಪಣಿ ಬರೆದವರು. ಮನೆಯ ಕಡತಕ್ಕೆ ಒಂದು ಸಲವೂ ಬರೆದವರಲ್ಲ.

"ಇವತ್ತು ಸಾಯಂಕಾಲ ಕೇಳ್ತೀನಿ," ಎಂದು ಕಿಟಕಿಯ ಕಡೆ ತಿರುಗಿದರು.

ಆ ಇಂಜೆಕ್ಷನ್ನಿನ ವಿಷಯವನ್ನು ಅವರಿಗೆ ತಿಳಿಸಿದ್ದವರು ಡಾಕ್ಟರ್ ಅಹಲ್ಯಾ. ದಾವಣಗೆರೆಯ ಕಡೆಯವರು, ದೆಹಲಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಕನ್ನಡ ಕೆಟ್ಟಿರಲಿಲ್ಲ. ಹಿಂದಿನ ದಿನ ತಂದೆಯನ್ನು ಕೋಣೆಗೆ ಕರೆದು ನಿಧಾನವಾಗಿ ವಿವರಿಸಿದ್ದರು.

"ಕೈಯಲ್ಲಿ ನರ ತುಂಡಾದ್ರೆ ಮತ್ತೆ ಬೆಳೆಯುತ್ತೆ ಸಾರ್. ಬೆನ್ನುಹುರಿಯಲ್ಲಿ ತುಂಡಾದ್ರೆ ಬೆಳೆಯೋಲ್ಲ. ಅದಕ್ಕೆ ಶಕ್ತಿ ಇಲ್ಲ ಅಂತ ಹಿಂದೆ ಅಂದುಕೊಂಡಿದ್ರು. ಶಕ್ತಿ ಇದೆ. ತುಂಡಾದ ತುದಿ ಚಿಗುರೋಕೆ ನೋಡುತ್ತೆ. ಆದ್ರೆ ನರದ ಸುತ್ತ ಒಂದು ಪೊರೆ ಇರುತ್ತೆ, ಆ ಪೊರೆಯಲ್ಲಿ ಒಂದು ಪ್ರೋಟೀನು. ಅದು ಬೆಳೆಯಬೇಡ ಅಂತ ಹೇಳುತ್ತೆ. ಮುಟ್ಟಿದರೆ ಮುನಿ ಗಿಡ ನೋಡಿದೀರಲ್ಲ? ಚಿಗುರು ಬಂದು ಆ ಪ್ರೋಟೀನಿಗೆ ತಾಕಿದ್ರೆ ಸಾಕು, ಹಾಗೇ ಮುದುಡಿಕೊಳ್ಳುತ್ತೆ. ಈ ಔಷಧ ಹೋಗಿ ಆ ಪ್ರೋಟೀನಿನ ಮೇಲೆ ಕೂತುಕೊಳ್ಳುತ್ತೆ. ಬೇಡ ಅನ್ನೋ ಬಾಯಿ ಮುಚ್ಚುತ್ತೆ."

"ಆಮೇಲೆ ನಡೀತಾಳಾ?"

"ಗೊತ್ತಿಲ್ಲ." ಡಾಕ್ಟರು ಕಣ್ಣು ತಪ್ಪಿಸಲಿಲ್ಲ. "ಇಲಿಗಳಲ್ಲಿ ಸ್ವಲ್ಪ ಬೆಳೆದಿದೆ, ಕೋತಿಗಳಲ್ಲಿ ಬೆರಳಿನ ಚಲನೆ ಸುಧಾರಿಸಿದೆ. ಮನುಷ್ಯರಲ್ಲಿ ಈಗಿನ್ನೂ ಶುರು. ಇದರಿಂದ ಅಪಾಯ ಇದೆಯೋ ಇಲ್ಲವೋ ಅಂತ ನೋಡೋ ಹಂತ ಇದು, ವಾಸಿ ಮಾಡೋ ಹಂತ ಅಲ್ಲ. ನಾನು ಆಸೆ ಹುಟ್ಟಿಸೋಲ್ಲ. ಆದ್ರೆ ಕೊಡೋದಾದ್ರೆ ಪೆಟ್ಟು ಬಿದ್ದ ಎರಡು ವಾರದೊಳಗೆ ಶುರು ಮಾಡಬೇಕು. ಆಮೇಲೆ ಗಾಯದ ಜಾಗ ಗಟ್ಟಿಯಾಗಿಬಿಡುತ್ತೆ."

ದಕ್ಷಿಣಾಮೂರ್ತಿಗಳು ಮೇಜಿನ ಮೇಲಿದ್ದ ಬೆನ್ನೆಲುಬಿನ ಪ್ಲಾಸ್ಟಿಕ್ ಗೊಂಬೆಯನ್ನು ನೋಡಿ, "ಡಾಕ್ಟರೇ, ಆ ಬೇಡ ಅನ್ನೋದನ್ನ ಭಗವಂತ ಅಲ್ಲಿ ಯಾಕೆ ಇಟ್ಟ?" ಎಂದು ಕೇಳಿದರು.

ಅಹಲ್ಯಾ ನಗಲಿಲ್ಲ. "ಒಳ್ಳೆ ಪ್ರಶ್ನೆ. ಮಗು ಬೆಳೆಯುವಾಗ ನರಗಳೆಲ್ಲಾ ಎಲ್ಲೆಲ್ಲಿ ಸೇರಬೇಕೋ ಅಲ್ಲಿ ಸೇರುತ್ವೆ. ಆಮೇಲೆ ಮನಸ್ಸು ಬಂದ ಕಡೆ ಚಿಗುರಿದ್ರೆ ಕಟ್ಟಿದ್ದೆಲ್ಲ ಕಲಸಿಹೋಗುತ್ತೆ. ಅದಕ್ಕೇ ಕಾವಲು ಇಟ್ಟಿದೆ ಅಂತ ಕಾಣುತ್ತೆ. ಬಾಯಿ ಮುಚ್ಚಿದಾಗ ತಪ್ಪು ಕಡೆಗೆ ಚಿಗುರಿ, ವಾಸಿಯಾಗದ ನೋವು ಶುರುವಾಗಬಹುದು. ಆಗದೇನೂ ಇರಬಹುದು. ಅದನ್ನೂ ಹರಿಣಿಗೆ ಹೇಳಿದೀನಿ."

ಆ ಮಾತು ಅವರ ತಲೆಯಿಂದ ಇಳಿಯಲಿಲ್ಲ. ಗರ್ಭಗುಡಿಗೆ ಹೋಗುವಾಗ ಬಾಗಿಲ ಎರಡು ಪಕ್ಕ ನಿಂತ ದ್ವಾರಪಾಲಕರಿಗೆ ಕೈ ಮುಗಿದು, ಮನಸ್ಸಿನಲ್ಲಿ ಅಪ್ಪಣೆ ಬೇಡಿ ಒಳಗೆ ಕಾಲಿಡುವುದು ಅವರ ತಂದೆ ಕಲಿಸಿದ ಪದ್ಧತಿ. ಕಾವಲಿನವನ ಬಾಯಿಗೆ ಬಟ್ಟೆ ತುರುಕಿ ಒಳಗೆ ನುಗ್ಗು ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ನುಗ್ಗಿದರೆ ಒಳಗೆ ಏನಿದೆ? ನುಗ್ಗದಿದ್ದರೆ ಮಗಳು ಜೀವನವೆಲ್ಲ ಮಂಚದ ಮೇಲೆ. ಅತ್ತ ದರಿ, ಇತ್ತ ಪುಲಿ. ಇಂಥ ಹೊತ್ತಿನಲ್ಲಿ ಅವರು ದೇವರ ಮುಂದೆ ಕೂತು ಜಪ ಮಾಡುತ್ತಿದ್ದರು. ಈಗ ಅದೂ ಇಲ್ಲ. ದೇವರ ಗೂಡಿಗೆ ಬಟ್ಟೆ ಇಳಿಬಿಟ್ಟಿತ್ತು. ಸೂತಕ ಕಳೆಯುವ ತನಕ ಪೂಜೆಯಿಲ್ಲ, ಮಂತ್ರವಿಲ್ಲ. ಬೇಕಾದ ಹೊತ್ತಿಗೇ ಬಾಗಿಲು ಮುಚ್ಚಿತ್ತು.

ಲೋಧಿ ಕಾಲೋನಿಯ ಆ ಹಳೆಯ ಸರಕಾರಿ ಮನೆಗೆ ಅವರು ಹಿಂತಿರುಗಿದಾಗ ಜಗನ್ನಾಥ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ವಿಜಯಮ್ಮನನ್ನು ಕೊನೆಯ ಸಲ ಮಲಗಿಸಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಒಂದು ಲೋಟ ನೀರು. ಹನ್ನೆರಡನೆಯ ದಿನ ಪಿತೃಗಳ ಜೊತೆ ಸೇರುವ ತನಕ ಹೋದ ಜೀವ ಮನೆಯ ಸುತ್ತಲೇ ಬಾಯಾರಿ ಸುಳಿಯುತ್ತದೆ ಎಂದು ಅವರು ನಂಬಿದವರು. ಆ ಲೋಟದ ನೀರು ದಿನವೂ ಚೂರು ಇಳಿಯುತ್ತಿತ್ತು. ಒಣಹವೆಗೆ ಇಳಿದಿರಬಹುದು. ಆದರೂ ಅದರ ಕಡೆ ನೋಡಲು ಅವರಿಗೆ ಧೈರ್ಯ ಬರುತ್ತಿರಲಿಲ್ಲ.

"ಭಾವ, ಇದರಲ್ಲಿ ಯೋಚನೆ ಮಾಡೋದೇನಿದೆ?" ಜಗನ್ನಾಥ ಶುರುಮಾಡಿದ. "ಅಕ್ಕ ತಲೆ ಆಡಿಸಿದಳು ಅಂದುಬಿಡಿ. ಸಹಿ ಬೀಳುತ್ತೆ, ಔಷಧ ಹೋಗುತ್ತೆ. ಹುಡುಗಿ ಸ್ವಲ್ಪ ಚೇತರಿಸಿಕೊಂಡ ಮೇಲೆ ನಿಜ ಹೇಳೋಣ. ಪ್ರಾಣಸಂಕಟದಲ್ಲಿ ಸುಳ್ಳಾಡಿದರೆ ದೋಷ ಇಲ್ಲ ಅಂತ ನಿಮ್ಮ ಶಾಸ್ತ್ರವೇ ಹೇಳುತ್ತಲ್ಲ?"

"ಶಾಸ್ತ್ರ ನಿನ್ನ ಸ್ಕೂಲಿನ ಗೈಡು ಪುಸ್ತಕ ಅಲ್ಲ ಜಗನ್ನಾಥ, ಬೇಕಾದ ಉತ್ತರ ಹುಡುಕೋಕೆ."

"ಸರಿ, ನಿಜ ಹೇಳಿ. ಆ ಎದೆ ಒಡೆದು ಇನ್ನೊಂದು ಹೆಣ ಎತ್ತೋಣ." ಅಂದ ಮೇಲೆ ಅವನಿಗೇ ನಾಚಿಕೆಯಾಗಿ ಕಣ್ಣೊರೆಸಿಕೊಂಡ. ಅವನೂ ಅಕ್ಕನನ್ನು ಕಳೆದುಕೊಂಡವನೇ.

ಒಳಗಿನಿಂದ ಪಕ್ಕದ ಮನೆಯ ರತ್ನಾ ಬಂದಳು. ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ದಿನವೂ ಅವಳೇ ಅಡುಗೆ ಮಾಡಿ ತಂದಿಡುತ್ತಿದ್ದಳು. ಆಸ್ಪತ್ರೆಗೂ ಅವಳ ಮನೆಯದೇ ಊಟ.

"ಅಣ್ಣಾ, ಡಬ್ಬಿ ಮುಚ್ಚಿಟ್ಟಿದೀನಿ. ನಾಳೆ ನನ್ನ ಮಗನಿಗೆ ಪರೀಕ್ಷೆ ಇದೆ, ಬೆಳಿಗ್ಗೇನೇ ಹೊರಡ್ತೀನಿ. ಅಡುಗೆ ಮಾಡಿಟ್ಟು ಹೋಗ್ತೀನಿ, ಕ್ಯಾರಿಯರ್‌ಗೆ ನೀವೇ ತುಂಬ್ಕೊಳಿ. ಸ್ಟೀಲ್ ಪಾತ್ರೇದು ಹರಿಣಿಗೆ, ಹಿತ್ತಾಳೇದು ಮನೆಗೆ. ನೆನಪಿರುತ್ತೆ ತಾನೆ?"

"ಇರುತ್ತಮ್ಮ," ಎಂದರು. ಕಿವಿ ಕೇಳಿತ್ತು, ಮನಸ್ಸು ಕೇಳಿರಲಿಲ್ಲ.

ಸಾಯಂಕಾಲ ಅವರು ಮತ್ತೆ ವಾರ್ಡಿಗೆ ಹೋದರು. ಹರಿಣಿ ಬಾಗಿಲನ್ನೇ ನೋಡುತ್ತಿದ್ದಳು. ಕಾಯುವ ಆ ಎರಡು ಕಣ್ಣುಗಳನ್ನು ಕಂಡದ್ದೇ ತಡ, ದಾರಿಯುದ್ದಕ್ಕೂ ಅವರು ಕಟ್ಟಿಕೊಂಡು ಬಂದಿದ್ದ ನಿಜದ ಮಾತುಗಳೆಲ್ಲ ಉದುರಿಹೋದವು.

"ಕೇಳಿದ್ರಾ?"

"ಕೇಳಿದೆ."

"ಏನಂದಳು?"

"ತಲೆ ಆಡಿಸಿದಳು." ಸ್ವಲ್ಪ ತಡೆದು, "ನನ್ನ ಕೈ ಹಿಡಕೊಂಡು, ಎರಡು ಸಲ ಆಡಿಸಿದಳು," ಎಂದರು. ಕೈ ಹಿಡಿದದ್ದನ್ನು ಯಾರೂ ಕೇಳಿರಲಿಲ್ಲ. ಸುಳ್ಳು ತಾನಾಗಿ ಒಂದು ಕೊಂಬೆ ಬಿಟ್ಟಿತ್ತು.

ಹರಿಣಿಯ ಮುಖ ಅರಳಿತು. "ಥ್ಯಾಂಕ್ ಗಾಡ್," ಎಂದಳು. ದಕ್ಷಿಣಾಮೂರ್ತಿಗಳಿಗೆ, ಬಾಯಾರಿದ ಜೀವವೊಂದು ಬಾಗಿಲ ಬಳಿ ನಿಂತು, ತಾನು ಆಡದ ಮಾತನ್ನು ತನ್ನ ಹೆಸರಿನಲ್ಲಿ ಗಂಡ ಆಡುವುದನ್ನು ಕೇಳುತ್ತಿದೆ ಎನ್ನಿಸಿತು. ಹಿಂತಿರುಗಿ ನೋಡಿದರು. ಬಾಗಿಲಲ್ಲಿ ಡಾಕ್ಟರ್ ಅಹಲ್ಯಾ ನಿಂತಿದ್ದರು.

"ಡಾಕ್ಟರ್, ಪೇಪರ್ ಕೊಡಿ, ಸೈನ್ ಮಾಡ್ತೀನಿ. ಅಮ್ಮ ಒಪ್ಪಿದಾಳೆ!"

ಅಹಲ್ಯಾ ತಂದೆಯ ಮುಖ ನೋಡಿದರು. ಕೈಯಲ್ಲಿದ್ದ ಕಾಗದಗಳನ್ನು ಎದೆಗೆ ಅವಚಿಕೊಂಡರು. "ಇವತ್ತು ಬೇಡಮ್ಮ, ನಾಳೆ ಮಾಡೋಣ. ಇವತ್ತು ನೀನು ದಣಿದಿದೀಯಾ," ಎಂದು, "ಸಾರ್, ಒಂದು ನಿಮಿಷ," ಎಂದು ಹೊರಗೆ ನಡೆದರು.

ಹೊರಗೆ ಅಹಲ್ಯಾರ ದನಿ ಏರಲಿಲ್ಲ. ಏರಿದ್ದರೇ ಚೆನ್ನಾಗಿತ್ತು. "ನಿಮ್ಮ ಮನೆಯವರ ಸಾವಿನ ಕಾಗದಕ್ಕೆ ನಮ್ಮ ಆಸ್ಪತ್ರೆಯೇ ಸಹಿ ಹಾಕಿದೆ ಸಾರ್. ಸತ್ತವರು ಒಪ್ಪಿದರು ಅಂತ ಮಗಳ ಹತ್ತಿರ ಬರೆಸಿಕೊಳ್ಳೋಕೆ ನನ್ನಿಂದ ಆಗೋಲ್ಲ. ಅದು ಅವಳ ಒಪ್ಪಿಗೆ ಅಲ್ಲ. ಇಂಥ ಪರೀಕ್ಷೆಯ ಔಷಧವನ್ನ ಮೋಸದಿಂದ ಯಾರ ಮೈಗೂ ನಾನು ಚುಚ್ಚೋಲ್ಲ."

"ನಿಜ ಹೇಳಿದರೆ ಅವಳು ಬೇಡ ಅನ್ನಬಹುದು."

"ಅನ್ನಬಹುದು."

"ನಿಜ ಕೇಳಿ ಅವಳಿಗೇನಾದರೂ ಆದರೆ?"

"ನಾನಿರ್ತೀನಿ. ನರ್ಸ್‌ಗಳಿರ್ತಾರೆ. ಆದ್ರೆ ಹೇಳಬೇಕಾದವರು ನೀವು. ದಿನ ಉಳಿದಿಲ್ಲ ಸಾರ್. ನಾಳೆಯೊಳಗೆ ಹೇಳಿ."

ಅಂದು ಮನೆಯಲ್ಲಿ ಅವರು ಮಲಗಲಿಲ್ಲ, ಕೂರಲಿಲ್ಲ. ನಾಳೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದರು. ಪ್ರತಿಸಲವೂ ಮೂರನೆಯ ಮಾತಿಗೆ ನಾಲಿಗೆ ನಿಲ್ಲುತ್ತಿತ್ತು.

ಮರುದಿನ ಯಮುನೆಯಿಂದ ಬಂದು ಅಡುಗೆಮನೆಯಲ್ಲಿ ಕ್ಯಾರಿಯರ್ ತೆಗೆದುಕೊಂಡು ನಿಂತರು. ಮೂವತ್ತು ವರ್ಷ ಬಡಿಸಿಕೊಂಡು ಉಂಡವರು; ಯಾವ ಸೌಟು ಯಾವುದಕ್ಕೆ ಎಂದು ತಿಳಿಯದವರು. ಕಟ್ಟೆಯ ಮೇಲೆ ಎರಡು ಪಾತ್ರೆಗಳಿದ್ದವು. ಹತ್ತಿರ ಇದ್ದ ಹಿತ್ತಾಳೆಯ ಪಾತ್ರೆಯಿಂದ ಸಾರು ತುಂಬಿದರು, ಅನ್ನ ಹಾಕಿದರು, ಮುಚ್ಚಿದರು. ತುಟಿಗಳು ಮಾತ್ರ ಪಾಠ ಒಪ್ಪಿಸುತ್ತಿದ್ದವು: ಪುಟ್ಟಿ, ನಾನು ನಿನಗೊಂದು ಮಾತು ಹೇಳಬೇಕು.

ಮಧ್ಯಾಹ್ನ ಹರಿಣಿಯ ಮಂಚದ ತಲೆಯ ಭಾಗವನ್ನು ನರ್ಸು ಎತ್ತರಿಸಿ ಹೋದಳು. ದಕ್ಷಿಣಾಮೂರ್ತಿಗಳು ಅನ್ನಕ್ಕೆ ಸಾರು ಕಲಸಿ ಚಮಚದಿಂದ ತಿನ್ನಿಸಿದರು. ಉಂಡ ಮೇಲೆ ಹೇಳೋಣ, ಹಸಿದ ಹೊಟ್ಟೆಯಲ್ಲಿ ಬೇಡ ಎಂದುಕೊಂಡರು. ಎರಡನೆಯ ತುತ್ತಿಗೆ ಹರಿಣಿ ಅಗಿಯುವುದನ್ನು ನಿಲ್ಲಿಸಿದಳು.

"ಅಪ್ಪಾ, ಇದನ್ನ ಯಾರು ಮಾಡಿದ್ದು?"

"ರತ್ನಾ. ಯಾಕೆ, ಉಪ್ಪು ಕಮ್ಮಿಯಾ?"

"ಒಗ್ಗರಣೆ ಇಲ್ಲ."

"ಮರೆತಿರಬೇಕು."

"ಅರಿಶಿನಾನೂ ಇಲ್ಲ." ಅವಳು ಬಟ್ಟಲೊಳಗೆ ನೋಡಿದಳು. ಬೂದು ಬಣ್ಣದ ತೆಳುಸಾರು. ಅದರಲ್ಲಿ ಸಾಸಿವೆಯಿಲ್ಲ, ಕರಿಬೇವಿಲ್ಲ, ಇಂಗಿನ ವಾಸನೆಯಿಲ್ಲ. "ರತ್ನಾ ಆಂಟಿ ಒಗ್ಗರಣೆ ಮರೀತಾರಾ? ದಿನಾ ಇಂಗು ಜಾಸ್ತಿ ಆಯ್ತು ಅಂತ ಅಮ್ಮ ಬೈತಿದ್ಲು ಅವರಿಗೆ." ಅವಳ ದನಿ ಸಣ್ಣಗಾಯಿತು. "ಅಜ್ಜಿ ಸತ್ತಾಗ ನಾವು ಇದನ್ನೇ ತಿಂದಿದ್ವಿ. ನಾನು ಅತ್ತು ರಂಪ ಮಾಡಿದ್ದೆ, ಸಪ್ಪೆ ಸಾರು ಬೇಡ ಅಂತ. ಸತ್ತ ಮನೆಯಲ್ಲಿ ಒಗ್ಗರಣೆ ಚುಂಯ್ ಅನ್ನಬಾರದು ಅಂತ ಅಮ್ಮಾನೇ ಹೇಳಿದ್ಲು."

ಬಾಯಿಪಾಠ ಮಾಡಿದ್ದ ಒಂದು ಮಾತೂ ಬರಲಿಲ್ಲ. ಅವರು ಬಟ್ಟಲನ್ನು ಕೆಳಗಿಟ್ಟು, ಟೋಪಿಯನ್ನು ಎಳೆದು ತೆಗೆದು ಮಡಿಲಲ್ಲಿಟ್ಟುಕೊಂಡರು.

ಹರಿಣಿ ಅಪ್ಪನ ಬೋಳುತಲೆಯನ್ನು ನೋಡಿದಳು. ಕೂಗಲಿಲ್ಲ. ಕೂಗುತ್ತಾಳೆಂದು ಅವರು ಹೆದರಿದ್ದರು. ಕೂಗದೆ ಇದ್ದದ್ದು ಇನ್ನೂ ಹೆದರಿಸಿತು. ಅವಳ ಬಾಯಲ್ಲಿ ಅನ್ನದ ಅಗುಳು ಹಾಗೇ ಇತ್ತು. ಅದನ್ನು ನುಂಗಿ, "ಯಾವಾಗ?" ಎಂದಳು.

"ಅದೇ ದಿನ. ಸಾಯಂಕಾಲ."

"ನೆನ್ನೆ ತಲೆ ಆಡಿಸಿದಳು ಅಂದ್ರಿ."

"ಹ್ಞೂಂ."

"ಕೈ ಹಿಡಕೊಂಡಳು ಅಂದ್ರಿ."

ಅವರು ಮಡಿಲಿನ ಟೋಪಿಯನ್ನು ಮಡಚಿದರು.

"ನನ್ನ ಬೆನ್ನಿಗೆ ಏನೋ ಚುಚ್ಚಿಸೋಕೆ, ಸತ್ತ ಅಮ್ಮನ ತಲೇನ ನೀವು ಆಡಿಸಿದ್ರಾ ಅಪ್ಪಾ?" ಆಗ ಅವಳ ದನಿ ಒಡೆಯಿತು. "ಹೋಗಿ. ಹೊರಗೆ ಹೋಗಿ. ಜಾಯಿಯೇ!"

ಅವರು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತರು. ಒಳಗಿನಿಂದ ಬಂದ ಅಳು ಮನುಷ್ಯರ ಅಳುವಿನಂತಿರಲಿಲ್ಲ. ಎದೆಯ ಕೆಳಗೆ ಉಸಿರನ್ನು ನೂಕುವ ಬಲವಿಲ್ಲದ್ದರಿಂದ ಅದು ಚಿಕ್ಕಚಿಕ್ಕ ತುಂಡುಗಳಾಗಿ ಬರುತ್ತಿತ್ತು. ಅಹಲ್ಯಾ ಓಡಿಬಂದು ಒಳಗೆ ಹೋದರು. ನರ್ಸು ಹೋದಳು. ಅವರು ಮಾತ್ರ ನಿಂತಲ್ಲೇ, ಶಿವ ಶಿವ ಎಂದು ನಾಲಿಗೆಯ ಕೆಳಗೆ ಎಣಿಸುತ್ತ ನಿಂತರು. ಮಂತ್ರಕ್ಕೆ ಸೂತಕವುಂಟು, ಹೆಸರಿಗಿಲ್ಲ. ಅದೊಂದೇ ಅವರಿಗೆ ಉಳಿದಿತ್ತು.

ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ನರ್ಸು ಬಂದು, "ಬಾಬೂಜಿ, ಬೇಟಿ ಬುಲಾ ರಹೀ ಹೈ," ಎಂದಳು. ಮಗಳು ಕರೆಯುತ್ತಿದ್ದಳು.

ಹರಿಣಿಯ ಕಣ್ಣುಗಳು ಊದಿಕೊಂಡಿದ್ದವು. ಅವಳು ಅಪ್ಪನನ್ನು ನೋಡದೆ ಮೇಲೆ ತಿರುಗದಿದ್ದ ಫ್ಯಾನನ್ನು ನೋಡುತ್ತ, "ಸಾವಿನ ಸುದ್ದಿ ಕೇಳಿದ ತಕ್ಷಣ ಸ್ನಾನ ಮಾಡಬೇಕಲ್ವಾ?" ಎಂದಳು.

"ಹೌದು."

"ನನಗೆ ಯಾರೂ ಮಾಡಿಸ್ಲಿಲ್ಲ."

ಬೆನ್ನಿನ ಹೊಲಿಗೆ ಒದ್ದೆಯಾಗಬಾರದೆಂದು ನರ್ಸು ಒಂದು ಬೇಸನ್ನಿನಲ್ಲಿ ಬೆಚ್ಚನೆಯ ನೀರು, ಒಂದು ಬಿಳಿ ಬಟ್ಟೆ ಕೊಟ್ಟು ಪರದೆ ಎಳೆದಳು. ದಕ್ಷಿಣಾಮೂರ್ತಿಗಳು ಬಟ್ಟೆಯನ್ನು ಹಿಂಡಿ ಮಗಳ ನೆತ್ತಿ ಒರೆಸಿದರು, ಹಣೆ ಒರೆಸಿದರು, ತೋಳುಗಳನ್ನು ಒರೆಸಿದರು. ಅವಳಿಗೂ ಇದೇ ಸೂತಕ; ಮುಟ್ಟಿದರೆ ದೋಷವೇನಿಲ್ಲ. ಇಷ್ಟು ದಿನ ಅದನ್ನು ಅವರೊಬ್ಬರೇ ಹೊತ್ತಿದ್ದರು.

"ಕೊನೇಲಿ ಏನಾದ್ರೂ ಹೇಳಿದ್ಲಾ? ನಿಜ ಹೇಳಿ."

"ನಿನ್ನ ಹೆಸರು ಹೇಳಿ ಎಲ್ಲಿ ಅಂದಳು. ಚೆನ್ನಾಗಿದಾಳೆ ಅಂದೆ. ಆಮೇಲೆ ಅವಳಿಗೆ ಮಾತು ನಿಂತಿತು."

"ಅವಳಿಗೂ ಸುಳ್ಳು ಹೇಳಿದ್ರಿ."

"ಹೇಳಿದೆ ಪುಟ್ಟಿ."

ಕುತ್ತಿಗೆ, ಭುಜ. ಬಟ್ಟೆ ಕೆಳಗೆ ಇಳಿಯಿತು. "ಇಲ್ಲಿ ಗೊತ್ತಾಗ್ತಿದೆ," ಎಂದಳು. "ಇಲ್ಲೂ." ಆಮೇಲೆ ಸುಮ್ಮನಾದಳು. ಅವರು ಮೊಣಕಾಲು ಒರೆಸಿದರು, ಪಾದ ಒರೆಸಿದರು, ಚಿಕ್ಕಂದಿನಲ್ಲಿ ಒರೆಸುತ್ತಿದ್ದಂತೆ ಬೆರಳುಗಳ ಸಂದನ್ನು ಒರೆಸಿದರು. ಆಗ ಕಚಗುಳಿಗೆ ಕಿಲಕಿಲ ನಕ್ಕು ಒದೆಯುತ್ತಿದ್ದಳು. ಈಗ ಆ ಪಾದಗಳು ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಬಿದ್ದಿದ್ದವು.

"ಕಾಲು ಒರೆಸ್ತೀರಾ?" ಎಂದು ಹರಿಣಿ ಕೇಳಿದಳು.

"ಒರೆಸಿ ಆಯಿತು."

ಅವಳು ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ರೆಪ್ಪೆಯ ಸಂದಿನಿಂದ ನೀರು ಕಿವಿಯ ಕಡೆ ಇಳಿಯಿತು. "ಇದನ್ನೇ ನಾನು ಜೀವನ ಪೂರ್ತಿ ಕೇಳ್ತಿರಬೇಕಾ ಅಪ್ಪಾ? ಒರೆಸಿ ಆಯ್ತಾ, ಒರೆಸಿ ಆಯ್ತಾ ಅಂತ?"

ಮರುದಿನ ಅಹಲ್ಯಾ ಕಾಗದಗಳನ್ನು ತಂದರು. ಈ ಸಲ ಹರಿಣಿ ಪ್ರತಿಯೊಂದು ಸಾಲನ್ನೂ ಓದಿಸಿದಳು. ಕೇಳಬೇಕಾದ್ದನ್ನು ತಾನೇ ಕೇಳಿದಳು.

"ತಪ್ಪು ಕಡೆ ಬೆಳೆದ್ರೆ ನೋವು ಬರಬಹುದು ಅಂದ್ರಿ. ಎಂಥ ನೋವು?"

"ಮುಟ್ಟಿದರೆ ಸುಟ್ಟ ಹಾಗೆ ಇರಬಹುದು. ಔಷಧದಿಂದ ಪೂರ್ತಿ ಹೋಗದೇ ಇರಬಹುದು."

"ನಡುವೆ ಬೇಡ ಅನ್ನಿಸಿದ್ರೆ?"

"ನಿಲ್ಲಿಸ್ತೀವಿ. ಯಾಕೆ ಅಂತ ಕೇಳೋಲ್ಲ."

"ಏನೂ ಆಗದೇನೂ ಇರಬಹುದು?"

"ಅದೇ ಜಾಸ್ತಿ ಸಾಧ್ಯ," ಎಂದರು ಡಾಕ್ಟರು.

ಬಾಗಿಲ ಬಳಿ ನಿಂತಿದ್ದ ಜಗನ್ನಾಥ ಏನೋ ಹೇಳಲು ಬಾಯಿ ತೆರೆದ. "ಮಾಮಾ, ನೀವು ಚುಪ್," ಎಂದಳು ಹರಿಣಿ. ಅವನು ಬಾಯಿ ಮುಚ್ಚಿದ. ಮುಖ ಸಪ್ಪೆಯಾಯಿತು.

ದಕ್ಷಿಣಾಮೂರ್ತಿಗಳ ಸ್ಥಿತಿ ವಿಚಿತ್ರವಾಗಿತ್ತು. ಮೊನ್ನೆಯ ತನಕ ಸಹಿ ಬೀಳಲಿ ಎಂದು ಸುಳ್ಳಾಡಿದವರಿಗೆ ಇಂದು ಪೆನ್ನು ಕಂಡರೆ ಜೀವ ಹಾರಿಹೋಗುತ್ತಿತ್ತು. ಇರುವವಳು ಇವಳೊಬ್ಬಳು. ಕಾವಲಿನ ಬಾಯಿ ಮುಚ್ಚಿ, ಸುಡುವ ನೋವನ್ನು ಒಳಗೆ ಕರೆದುಕೊಂಡರೆ? ಬೇಡ ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದು ಕೂತಿತು. ತಾವು ಬೇಡ ಎಂದರೆ ಅವಳು ಸಹಿ ಹಾಕದೆ ನಿಲ್ಲುತ್ತಾಳೆ. ಈ ದಿನ ಅವಳು ನಿಂತೇ ನಿಲ್ಲುತ್ತಾಳೆ. ಅದು ಅವರಿಗೆ ಗೊತ್ತಿತ್ತು. ಅವರು ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ತುಟಿ ಕಚ್ಚಿ, ಆ ಮಾತನ್ನು ನುಂಗಿದರು.

"ಬೇಡ ಅಂದ್ರೂ ಭಯ, ಬೇಕು ಅಂದ್ರೂ ಭಯ," ಎಂದಳು ಹರಿಣಿ, ಯಾರಿಗೂ ಅಲ್ಲದಂತೆ. "ಕೊಡಿ ಪೆನ್ನು."

ಸೂಜಿ ಹಾಕುವ ಕೋಣೆ ಚಿಕ್ಕದು, ಬೆಳ್ಳಗಿತ್ತು. ಹರಿಣಿಯನ್ನು ಪಕ್ಕಕ್ಕೆ ಹೊರಳಿಸಿ, ಮೊಣಕಾಲುಗಳನ್ನು ಹೊಟ್ಟೆಯ ಕಡೆ ಮಡಿಸಿ, ಇಬ್ಬರು ನರ್ಸುಗಳು ಹಿಡಿದರು. ಔಷಧ ಸೊಂಟದ ಬಳಿಯ ಮೂಳೆಗಳ ಸಂದಿನಿಂದ ಬೆನ್ನುಹುರಿಯ ಸುತ್ತಲಿನ ನೀರಿಗೆ ಹೋಗಬೇಕು. ದಕ್ಷಿಣಾಮೂರ್ತಿಗಳಿಗೆ ಮುಖವಾಡ ಕಟ್ಟಿಸಿ ಅವಳ ತಲೆಯ ಬಳಿ ಸ್ಟೂಲಿನ ಮೇಲೆ ಕೂರಿಸಿದ್ದರು. ರಕ್ತ ಕಂಡರೆ ಕಣ್ಣು ಕತ್ತಲೆ ಬರುವ ಮನುಷ್ಯ. ನೆಲದ ಮೇಲಿನ ಚೌಕಗಳನ್ನು ನೋಡುತ್ತ ಕೂತರು.

"ಅಪ್ಪಾ."

"ಹೇಳು ಪುಟ್ಟಿ."

"ಸೂಜಿ ಹೋಗೋದು ನನಗೆ ಗೊತ್ತಾಗೋಲ್ಲ. ಅಲ್ಲಿ ನನಗೇನೂ ತಿಳಿಯೋಲ್ಲ. ನೀವು ನೋಡಿ ಹೇಳಿ." ಅವಳು ಅವರ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು. "ಸುಮ್ಮನೆ ಆಯ್ತು ಆಯ್ತು ಅನ್ನಬೇಡಿ. ಆದಾಗ ಹೇಳಿ. ಆಗದೇ ಇದ್ರೆ ಆಗಿಲ್ಲ ಅನ್ನಿ."

ಅವರು ತಲೆ ಎತ್ತಿದರು. ಮಗಳ ಬೆನ್ನು ಎಳೆದ ಬಿಲ್ಲಿನಂತೆ ಬಾಗಿತ್ತು. ಹೊಲಿಗೆಯ ಪಟ್ಟಿಯ ಕೆಳಗೆ ಕಂದು ಔಷಧಿ ಬಳಿದ ಚರ್ಮ. ಅಹಲ್ಯಾರ ಕೈಯಲ್ಲಿ ಅವರು ಊಹಿಸಿದ್ದಕ್ಕಿಂತ ಉದ್ದವಾದ ಸೂಜಿ. ಎದ್ದು ಓಡಿಹೋಗಬೇಕೆನ್ನಿಸಿತು. ಆದರೂ ದೃಷ್ಟಿ ತಪ್ಪಿಸಲಿಲ್ಲ.

"ಇನ್ನೂ ಇಲ್ಲ," ಎಂದರು. "ಜಾಗ ಮುಟ್ಟಿ ನೋಡ್ತಿದಾರೆ."

"ಈಗ?"

"ಇನ್ನೂ ಇಲ್ಲ." ಸೂಜಿಯ ತುದಿ ಚರ್ಮಕ್ಕೆ ತಾಗಿತು, ಒಂದು ಚಿಕ್ಕ ತಗ್ಗು ಬಿತ್ತು, ತಗ್ಗಿನೊಳಗೆ ಉಕ್ಕು ಮಾಯವಾಯಿತು. ಆ ಮೈ ಬೆಚ್ಚಲಿಲ್ಲ, ಮಿಸುಕಲಿಲ್ಲ. ಬೆಚ್ಚಿದವರು ಅವರು. "ಈಗ. ಈಗ ಹೋಗ್ತಿದೆ."

"ಪೂರ್ತಿ ಹೋಯ್ತಾ?"

"ಇಲ್ಲ. ಇನ್ನೂ ಅರ್ಧ ಹೊರಗಿದೆ."

ಹರಿಣಿಯ ಉಸಿರು ತುಂಡುತುಂಡಾಗಿ ಬರುತ್ತಿತ್ತು. "ನಿಮಗೆ ಭಯ ಆಗ್ತಿದೆಯಾ?"

ಇಲ್ಲ ಎಂದು ಹೇಳುವುದು ತಂದೆಯಾದವನ ಅಭ್ಯಾಸ. ಅವರ ತಂದೆಯೂ ಹಾಗೇ ಹೇಳುತ್ತಿದ್ದರು.

"ತುಂಬಾ ಆಗ್ತಿದೆ," ಎಂದರು ದಕ್ಷಿಣಾಮೂರ್ತಿಗಳು. "ನೀನು ಕ್ಷೇಮವಾಗಿರ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ ಪುಟ್ಟಿ. ಈಗ ಒಂದು ಹನಿ ನೀರು ಬಂತು ಸೂಜಿಯ ತುದಿಗೆ. ತಿಳಿಯಾಗಿದೆ. ಡಾಕ್ಟರು ತಲೆ ಆಡಿಸಿದರು. ಔಷಧದ ಸಿರಿಂಜು ಜೋಡಿಸ್ತಿದಾರೆ."

"ಹೇಳ್ತಾ ಇರಿ," ಎಂದಳು ಅವಳು.

ಅವರು ಕಂಡದ್ದನ್ನು ಕಂಡ ಹಾಗೆ ಹೇಳುತ್ತ ಹೋದರು. ಔಷಧ ಅತಿ ನಿಧಾನವಾಗಿ ಒಳಗೆ ಇಳಿಯುತ್ತಿತ್ತು.